ಲಿಂಕ್ ಒತ್ತಿದ್ರೆ ಎಲ್ಲಿ ಓಪನ್ ಆಗ್ಬೇಕು ಅಂತ ನೀವೇ ಫಿಕ್ಸ್ ಮಾಡಿ

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಬರುವ ಲಿಂಕುಗಳನ್ನೇ ತಗೊಳ್ಳಿ. ಯಕ್ಷಗಾನದ ಯೂಟ್ಯೂಬ್ ಲೈವ್, ಮದುವೆ ಹಾಲ್‌ನ ಲೊಕೇಶನ್, ಮುಂಬೈಯಲ್ಲಿರುವ ಚಿಕ್ಕಪ್ಪ ಕಳಿಸಿದ ನ್ಯೂಸು, ದುಬೈಯಿಂದ ಭಾವ ಕಳಿಸಿದ ರೀಲ್ಸು, ಮಧ್ಯದಲ್ಲಿ ಬ್ಯಾಂಕಿನ ಹೆಸರು ಹಾಕಿದ ಕೆವೈಸಿ ಮೆಸೇಜು. ಎಲ್ಲದಕ್ಕೂ ಒಂದೇ ನೀಲಿ ಬಣ್ಣ, ಒತ್ತಿದ್ರೆ ಮಾತ್ರ ಒಂದೊಂದು ಒಂದೊಂದು ಕಡೆ ಹೋಗಿ ಬೀಳ್ತದೆ. ಕೆಲವು ಆ್ಯಪಲ್ಲಿ, ಕೆಲವು ಕ್ರೋಮಲ್ಲಿ, ಕೆಲವು ಅರ್ಧಂಬರ್ಧ ಕಿಟಕಿಯಲ್ಲಿ. ಸುಮಾರು ಜನ ಇದು ಫೋನಿನ ಮರ್ಜಿ, ನಮ್ಮ ಕೈಯಲ್ಲಿ ಎಂತ ಇಲ್ಲ ಅಂದ್ಕೊಂಡಿದ್ದಾರೆ. ಹಾಗಲ್ಲ ಮಾರ್ರೆ, ಹೆಚ್ಚಿನದ್ದೆಲ್ಲ ನಮ್ಮ ಕೈಯಲ್ಲೇ ಉಂಟು, ಸೆಟ್ಟಿಂಗ್ಸ್ ಒಳಗೆ ಎಲ್ಲಿ ಉಂಟು ಅಂತ ಗೊತ್ತಿರ್ಬೇಕು ಅಷ್ಟೆ. ದುಡ್ಡಿಗೆ ಸಂಬಂಧಪಟ್ಟ ಲಿಂಕುಗಳೂ ಇದೇ ದಾರಿಯಲ್ಲಿ ಬರುದರಿಂದ ಇದನ್ನು ಬರೀ ರಗಳೆ ತಪ್ಪಿಸುವ ವಿಷಯ ಅಂತ ನೋಡ್ಬೇಡಿ.

ಸುರುವಿಗೆ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ, ಇದು ಗೊತ್ತಿದ್ರೆ ಉಳಿದದ್ದೆಲ್ಲ ಸುಲಭ. ಒಂದು ಲಿಂಕ್ ಓಪನ್ ಆಗುದು ಮೂರು ಜಾಗದಲ್ಲಿ. ಒಂದು, ಆ ವೆಬ್‌ಸೈಟಿನದ್ದೇ ಆ್ಯಪ್ ನಿಮ್ಮ ಫೋನಲ್ಲಿದ್ರೆ ಅದರಲ್ಲಿ. ಎರಡು, ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ತರದ ನಿಮ್ಮ ಬ್ರೌಸರಲ್ಲಿ. ಮೂರನೆಯದ್ದು ಇನ್-ಆ್ಯಪ್ ಬ್ರೌಸರ್, ಅಂದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂಥವು ತಮ್ಮ ಒಳಗೇ ತೆರೆಯುವ ಸಣ್ಣ ಕಿಟಕಿ. ನೋಡ್ಲಿಕ್ಕೆ ಬ್ರೌಸರ್ ಹಾಗೇ ಇರ್ತದೆ, ಆದ್ರೆ ಅದು ನಿಮ್ಮ ಬ್ರೌಸರ್ ಅಲ್ಲ. ನಮಗೆ ತಲೆಬಿಸಿ ಮಾಡುದು ಹೆಚ್ಚಾಗಿ ಈ ಮೂರನೆಯದ್ದೇ, ಅದಕ್ಕೆ ಆಮೇಲೆ ಬರ್ತೇನೆ.

ಮೊದ್ಲು ಆಂಡ್ರಾಯ್ಡ್ ನೋಡುವ. ಸೆಟ್ಟಿಂಗ್ಸ್ > ಆ್ಯಪ್ಸ್ > ಡಿಫಾಲ್ಟ್ ಆ್ಯಪ್ಸ್ ಅಂತ ಹೋಗಿ. ಅಲ್ಲಿ "ಬ್ರೌಸರ್ ಆ್ಯಪ್" ಅಂತ ಉಂಟು, ನಿಮಗೆ ಯಾವ ಬ್ರೌಸರ್ ಬೇಕೋ ಅದನ್ನು ಆರಿಸಿ. ಅದರ ಹತ್ರವೇ "ಓಪನಿಂಗ್ ಲಿಂಕ್ಸ್" ಅಂತ ಇನ್ನೊಂದು ಉಂಟು, ಅಸಲಿ ಕೆಲಸ ಅಲ್ಲಿ. ಅದನ್ನು ಒತ್ತಿದ್ರೆ ನಿಮ್ಮ ಫೋನಲ್ಲಿರುವ ಆ್ಯಪ್‌ಗಳ ಉದ್ದ ಪಟ್ಟಿ ಬರ್ತದೆ. ಒಂದೊಂದರ ಒಳಗೂ "ಓಪನ್ ಸಪೋರ್ಟೆಡ್ ಲಿಂಕ್ಸ್" ಅಂತ ಒಂದು ಸ್ವಿಚ್ಚು, ಅದರ ಕೆಳಗೆ ಆ ಆ್ಯಪ್ ಯಾವ ಯಾವ ವೆಬ್ ವಿಳಾಸ ತನ್ನದು ಅಂತ ಹೇಳ್ಕೊಳ್ತದೆ ಅಂತ ನೋಡ್ಲಿಕ್ಕೆ ಜಾಗ. ಸ್ವಿಚ್ ಆನ್ ಇದ್ರೆ ಆ ಸೈಟಿನ ಲಿಂಕ್ ಆ್ಯಪಿಗೆ ಹೋಗ್ತದೆ, ಆಫ್ ಮಾಡಿದ್ರೆ ಬ್ರೌಸರಿಗೆ. ಸ್ಯಾಮ್‌ಸಂಗ್‌ನಲ್ಲಿ ಇದೇ ವಿಷಯ "ಚೂಸ್ ಡಿಫಾಲ್ಟ್ ಆ್ಯಪ್ಸ್" ಒಳಗೆ, ಒಂದೇ ಆ್ಯಪಿನ ಇನ್ಫೋ ಪೇಜಿಗೆ ಹೋದ್ರೆ "ಸೆಟ್ ಆ್ಯಸ್ ಡಿಫಾಲ್ಟ್" ಅಂತ ಇರ್ತದೆ. ಬೇರೆ ಕಂಪೆನಿ ಫೋನಲ್ಲಿ ಹೆಸರು ಅಲ್ಪಸ್ವಲ್ಪ ಆಚೆ ಈಚೆ, ಸಿಗದಿದ್ರೆ ಸೆಟ್ಟಿಂಗ್ಸ್ ಮೇಲೆ ಇರುವ ಸರ್ಚಲ್ಲಿ "ಓಪನ್ ಬೈ ಡಿಫಾಲ್ಟ್" ಅಥವಾ "ಲಿಂಕ್ಸ್" ಅಂತ ಹುಡುಕಿ. ಆ್ಯಪ್ ಐಕಾನನ್ನೇ ಒತ್ತಿ ಹಿಡಿದು "ಆ್ಯಪ್ ಇನ್ಫೋ" ಮೂಲಕ ಹೋದ್ರೂ ಅಲ್ಲಿಗೇ ತಲುಪ್ತೀರಿ, ನನಗೆ ಈ ದಾರಿಯೇ ಬೇಗ ಅಂತ ಕಾಣ್ತದೆ.

ಒಂದು ಉದಾಹರಣೆ ಹೇಳ್ತೇನೆ, ನಮ್ಮ ಕಡೆ ಎಲ್ರಿಗೂ ಆಗುವಂಥದ್ದು. ಮದುವೆ ಸೀಸನಲ್ಲಿ ಕಾಗದದ ಜೊತೆ ಮ್ಯಾಪ್ ಲಿಂಕ್ ಬರ್ತದೆ. ಕಾಪುವಿನ ಒಳರಸ್ತೆಯ ಯಾವುದೋ ಹಾಲ್, ನೀವು ಹೈವೇ ಬದಿಯಲ್ಲಿ ಗಾಡಿ ನಿಲ್ಲಿಸಿ ಲಿಂಕ್ ಒತ್ತಿದ್ರೆ ಅದು ಮ್ಯಾಪ್ಸ್ ಆ್ಯಪಿಗೆ ಹೋಗುದು ಬಿಟ್ಟು ಬ್ರೌಸರಲ್ಲಿ ಒಂದು ಬೋಳು ಮ್ಯಾಪ್ ತೋರಿಸ್ತದೆ, ಆ್ಯಪಲ್ಲಿ ಸಿಗುವ ಹಾಗೆ ತಿರುವು ತಿರುವಿಗೂ ದಾರಿ ಹೇಳುದು ಅಲ್ಲಿ ಸಿಗುದಿಲ್ಲ. ಇದಕ್ಕೆ ಗೂಗಲ್ ಮ್ಯಾಪ್ಸ್ ಐಕಾನ್ ಒತ್ತಿ ಹಿಡಿದು ಆ್ಯಪ್ ಇನ್ಫೋ > ಓಪನ್ ಬೈ ಡಿಫಾಲ್ಟ್‌ಗೆ ಹೋಗಿ, ಸ್ವಿಚ್ ಆನ್ ಮಾಡಿ, ಕೆಳಗೆ "ಆ್ಯಡ್ ಲಿಂಕ್" ಅಂತ ಇದ್ರೆ ಅದನ್ನು ಒತ್ತಿ ಅಲ್ಲಿ ಕಾಣುವ ಮ್ಯಾಪ್ಸಿನ ವಿಳಾಸಗಳಿಗೆಲ್ಲ ಟಿಕ್ ಹಾಕಿ. ಸಮ ಆಗ್ತದೆ. ಯೂಟ್ಯೂಬಿಗೂ ಇದೇ ಕ್ರಮ.

ಕೆಲವೊಮ್ಮೆ ಉಲ್ಟಾ ಬೇಕಾಗ್ತದೆ. ಶಾಪಿಂಗ್ ಸೈಟಿನ ಲಿಂಕ್ ಒತ್ತಿದ ಕೂಡ್ಲೆ ಆ್ಯಪ್ ರಪ್ಪ ಅಂತ ಎದ್ದು ಬರುದು ಬೇಡ, ಸುಮ್ಮನೆ ರೇಟ್ ಒಮ್ಮೆ ನೋಡುವ ಅಂತ ಇದ್ರೆ ಆ ಆ್ಯಪಿನ ಸ್ವಿಚ್ ಆಫ್ ಮಾಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡ್ಬೇಕಂತ ಇಲ್ಲ.

ಹಿಂದೆ ಲಿಂಕ್ ಒತ್ತಿದ್ರೆ "ಯಾವುದರಲ್ಲಿ ತೆರೀಬೇಕು" ಅಂತ ಕೇಳ್ತಿತ್ತು, ಈಗ ಯಾಕೆ ಕೇಳುದಿಲ್ಲ ಅಂತ ಕೆಲವರಿಗೆ ಡೌಟು ಇರ್ಬಹುದು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ರೂಲ್ಸ್ ಬದಲಾಯ್ತು. ಒಂದು ಆ್ಯಪ್ "ಈ ವೆಬ್‌ಸೈಟ್ ನನ್ನದು" ಅಂದ್ರೆ ಸಾಕಾಗುದಿಲ್ಲ, ಆ ವೆಬ್‌ಸೈಟಲ್ಲೂ "ಹೌದು, ಈ ಆ್ಯಪ್ ನಮ್ಮದೇ" ಅಂತ ಹೇಳುವ ಒಂದು ಫೈಲ್ ಇರ್ಬೇಕು. ಎರಡೂ ತಾಳೆ ಆದ್ರೆ ಲಿಂಕ್ ಸೀದಾ ಆ್ಯಪಿಗೆ, ಆಗದಿದ್ರೆ ಸೀದಾ ಬ್ರೌಸರಿಗೆ, ಅಥವಾ ನೀವೇ ಸೆಟ್ಟಿಂಗ್ಸಿಗೆ ಹೋಗಿ ಒಪ್ಪಿಗೆ ಕೊಡ್ಬೇಕು. ಇದು ಒಳ್ಳೇದೇ ಆಯ್ತು, ಸಿಕ್ಕಿದ ಆ್ಯಪೆಲ್ಲ ಬೇರೆಯವರ ಸೈಟಿನ ಲಿಂಕಿಗೆ ಕೈ ಹಾಕುದು ಕಮ್ಮಿ ಆಯ್ತು.

ಒಂದೊಮ್ಮೆ ಮಾತ್ರ ಬ್ರೌಸರಲ್ಲಿ ಬೇಕು, ಸೆಟ್ಟಿಂಗ್ ಬದಲು ಮಾಡ್ಲಿಕ್ಕೆ ಉದಾಸೀನ ಅಂತಾದ್ರೆ ಲಿಂಕನ್ನು ಕಾಪಿ ಮಾಡಿ ಬ್ರೌಸರಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿ. ಹಾಗೆ ಹಾಕಿದ ವಿಳಾಸ ಸಾಮಾನ್ಯವಾಗಿ ಆ್ಯಪಿಗೆ ಹಾರುದಿಲ್ಲ, ಐಫೋನಲ್ಲೂ ಅಷ್ಟೆ. ಕ್ರೋಮ್ ಒಳಗೇ ಇದ್ರೆ ಲಿಂಕ್ ಒತ್ತಿ ಹಿಡಿದು "ಓಪನ್ ಇನ್ ನ್ಯೂ ಟ್ಯಾಬ್" ಕೊಡಿ. ಫೈರ್‌ಫಾಕ್ಸ್ ಇಟ್ಕೊಂಡವರಿಗೆ ಇನ್ನೂ ಚೆಂದ ಉಂಟು, ಅದರ ಸೆಟ್ಟಿಂಗ್ಸಲ್ಲಿ "ಓಪನ್ ಲಿಂಕ್ಸ್ ಇನ್ ಆ್ಯಪ್ಸ್" ಅಂತ ಇದೆ, ಯಾವಾಗ್ಲೂ, ಕೇಳಿ ಮತ್ತೆ, ಬೇಡವೇ ಬೇಡ ಅಂತ ಮೂರು ಆಯ್ಕೆ. ನಾನು ಹೇಳುದು "ಕೇಳಿ ಮತ್ತೆ" ಇಡಿ ಅಂತ. ಸ್ಯಾಮ್‌ಸಂಗ್ ಇಂಟರ್ನೆಟ್ಟಲ್ಲಿ "ಯೂಸ್‌ಫುಲ್ ಫೀಚರ್ಸ್" ಒಳಗೆ "ಓಪನ್ ಲಿಂಕ್ಸ್ ಇನ್ ಅದರ್ ಆ್ಯಪ್ಸ್" ಅಂತ ಸ್ವಿಚ್ ಸಿಗ್ತದೆ.

ಈಗ ಆ ಮೂರನೇ ಕಿಟಕಿಯ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಕಾಲೇಜಿನ ಅಡ್ಮಿಷನ್ ಫಾರ್ಮೋ, ಸ್ಕಾಲರ್‌ಶಿಪ್ಪೋ, ಕೆಲಸದ ಅರ್ಜಿಯೋ ಏನೋ ಒಂದು ಲಿಂಕ್ ಯಾರೋ ಫೇಸ್‌ಬುಕ್ಕಲ್ಲಿ ಹಾಕಿರ್ತಾರೆ, ಒತ್ತಿದ್ರೆ ಫೇಸ್‌ಬುಕ್ ಒಳಗೇ ತೆರೀತದೆ, ನೀವು ಹೆಸರು, ವಿಳಾಸ, ಮಾರ್ಕ್ಸು, ಆಧಾರ್ ಎಲ್ಲ ತುಂಬಿಸಿ ಆಯ್ತು, ಒಟಿಪಿ ಬಂತು, ಅದನ್ನು ನೋಡ್ಲಿಕ್ಕೆ ಮೆಸೇಜಿಗೆ ಹೋಗಿ ವಾಪಸ್ ಬರುವಾಗ ಪೇಜ್ ರಿಫ್ರೆಶ್ ಆಗಿ ಎಲ್ಲ ಖಾಲಿ! ಮೆಮೊರಿ ಕಮ್ಮಿ ಇರುವ ಫೋನಲ್ಲಂತೂ ಇದು ಮಾಮೂಲಿ, ಹಿಂದೆ ಸರಿದ ಆ್ಯಪನ್ನು ಫೋನು ಮುಚ್ಚಿ ಬಿಡ್ತದೆ, ಜೊತೆಗೆ ಅದರ ಒಳಗಿನ ಕಿಟಕಿಯೂ ಹೋಯ್ತು. ಇನ್ನು ಪಿಡಿಎಫ್ ಡೌನ್‌ಲೋಡ್ ಒತ್ತಿದ್ರೆ ಎಂತದೂ ಆಗುದಿಲ್ಲ, ಪೇಮೆಂಟಿನ ಹೊಸ ವಿಂಡೋ ಬರುದಿಲ್ಲ, ನಿಮ್ಮ ಬ್ರೌಸರಲ್ಲಿ ಸೇವ್ ಆಗಿರುವ ಪಾಸ್‌ವರ್ಡ್, ಲಾಗಿನ್ ಯಾವುದೂ ಅಲ್ಲಿಗೆ ಗೊತ್ತಿಲ್ಲ. "ಸೈನ್ ಇನ್ ವಿತ್ ಗೂಗಲ್" ಒತ್ತಿದ್ರೆ ಎರರ್ ಬರುದು ಕೂಡ ಇದೇ ಕಾರಣಕ್ಕೆ. ಇಂಥ ಒಳಕಿಟಕಿಗಳಿಂದ ಗೂಗಲ್ ಲಾಗಿನ್ ನಿಲ್ಲಿಸ್ತೇವೆ ಅಂತ ಗೂಗಲ್ 2016ರಲ್ಲೇ ಹೇಳಿತ್ತು, ಯಾಕಂದ್ರೆ ಆ ಕಿಟಕಿ ಇಟ್ಕೊಂಡ ಆ್ಯಪಿಗೆ ನೀವು ಟೈಪ್ ಮಾಡುದನ್ನು ನೋಡುವ ಸಾಧ್ಯತೆ ಇರ್ತದೆ.

ಅದು ಬರೀ ಹೆದರಿಕೆಯ ಮಾತಲ್ಲ. 2022ರಲ್ಲಿ ಫೆಲಿಕ್ಸ್ ಕ್ರೌಸ್ ಅನ್ನುವ ಡೆವಲಪರ್ ಒಬ್ರು ಐಫೋನಿನ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳು ಒಳಕಿಟಕಿಯಲ್ಲಿ ತೆರೆದ ಬೇರೆಯವರ ವೆಬ್‌ಸೈಟಿಗೆ ತಮ್ಮ ಜಾವಾಸ್ಕ್ರಿಪ್ಟ್ ಕೋಡ್, ಅಂದ್ರೆ ಪೇಜಿನ ಒಳಗೆ ಓಡುವ ಸಣ್ಣ ಪ್ರೋಗ್ರಾಂ, ಸೇರಿಸ್ತವೆ ಅಂತ ತೋರಿಸಿದ್ರು. ಪಾಸ್‌ವರ್ಡ್ ಕದೀತಾರೆ ಅಂತ ಅವರು ಹೇಳ್ಲಿಲ್ಲ, ಬಳಕೆದಾರರ ಟ್ರ್ಯಾಕಿಂಗ್ ಆಯ್ಕೆಯನ್ನು ಪಾಲಿಸ್ಲಿಕ್ಕೇ ಆ ಕೋಡ್ ಅಂತ ಈ ಎರಡೂ ಆ್ಯಪಿನ ಮಾಲೀಕ ಕಂಪೆನಿ ಮೆಟಾ ಉತ್ತರ ಕೊಟ್ಟಿತ್ತು. ಅದೇನೇ ಇರ್ಲಿ, ಬ್ಯಾಂಕ್, ಆಧಾರ್, ಪಾಸ್‌ವರ್ಡ್ ಹಾಕುವ ಜಾಗಕ್ಕೆ ಮಧ್ಯದಲ್ಲಿ ಮೂರನೆಯವರು ಯಾಕೆ? ನನ್ನ ಕಟ್ಟುನಿಟ್ಟು ಇಷ್ಟೇ, ಓದ್ಲಿಕ್ಕೆ ನೋಡ್ಲಿಕ್ಕೆ ಮಾತ್ರ ಆದ್ರೆ ಒಳಕಿಟಕಿ ಪರವಾಗಿಲ್ಲ, ಎಂತಾದ್ರೂ ಟೈಪ್ ಮಾಡ್ಲಿಕ್ಕೆ ಉಂಟಾದ್ರೆ ಅದು ಬ್ರೌಸರಿಗೇ ಹೋಗ್ಬೇಕು.

ಹೇಗೆ ಕಳಿಸುದು? ಒಳಕಿಟಕಿಯ ಮೂಲೆಯಲ್ಲಿ ಮೂರು ಚುಕ್ಕೆ ಇರ್ತದೆ, ಅದರಲ್ಲಿ "ಓಪನ್ ಇನ್ ಬ್ರೌಸರ್" ಅಥವಾ "ಎಕ್ಸ್‌ಟರ್ನಲ್ ಬ್ರೌಸರ್" ಅಂತ ಹೆಚ್ಚಾಗಿ ಇರ್ತದೆ, ಫಾರ್ಮ್ ತುಂಬಿಸುವ ಮೊದ್ಲೇ ಅದನ್ನು ಒತ್ತಿ, ತುಂಬಿಸಿ ಆದ ಮೇಲೆ ಒತ್ತಿದ್ರೆ ಪುನಃ ಸುರುವಿಂದ. ಪ್ರತಿ ಸಲ ಮಾಡ್ಲಿಕ್ಕೆ ಬೇಜಾರಾದ್ರೆ ಆ್ಯಪಿನ ಸೆಟ್ಟಿಂಗಲ್ಲೇ ಬಂದ್ ಮಾಡ್ಬಹುದು, ಎಲ್ಲದರಲ್ಲೂ ಅಲ್ಲ, ಕೆಲವದರಲ್ಲಿ. ಆಂಡ್ರಾಯ್ಡಿನ ಜಿಮೇಲಲ್ಲಿ ಸೆಟ್ಟಿಂಗ್ಸ್ > ಜನರಲ್ ಸೆಟ್ಟಿಂಗ್ಸ್ ಒಳಗೆ "ಓಪನ್ ವೆಬ್ ಲಿಂಕ್ಸ್ ಇನ್ ಜಿಮೇಲ್" ಟಿಕ್ ತೆಗೀರಿ. ಟೆಲಿಗ್ರಾಂನಲ್ಲಿ ಚಾಟ್ ಸೆಟ್ಟಿಂಗ್ಸ್ ಒಳಗೆ "ಇನ್-ಆ್ಯಪ್ ಬ್ರೌಸರ್" ಆಫ್ ಮಾಡಿ. ಗೂಗಲ್ ಆ್ಯಪಲ್ಲೂ ಸೆಟ್ಟಿಂಗ್ಸಲ್ಲಿ "ಓಪನ್ ವೆಬ್ ಪೇಜಸ್ ಇನ್ ದ ಆ್ಯಪ್" ಅಂತ ಉಂಟು. ಫೇಸ್‌ಬುಕ್ಕಿನವರು ಈ ಸ್ವಿಚ್ಚನ್ನು ಆಗಾಗ ಜಾಗ ಬದಲಿಸ್ತಾರೆ, ಸೆಟ್ಟಿಂಗ್ಸ್ ಒಳಗಿನ ಸರ್ಚಲ್ಲಿ "ಬ್ರೌಸರ್" ಅಂತ ಹಾಕಿ ನೋಡಿ, "ಲಿಂಕ್ಸ್ ಓಪನ್ ಎಕ್ಸ್‌ಟರ್ನಲಿ" ಅಂತ ಸಿಕ್ಕಿದ್ರೆ ಆನ್ ಮಾಡಿ, ಸಿಗದಿದ್ರೆ ಮೂರು ಚುಕ್ಕೆಯೇ ಗತಿ. ವಾಟ್ಸಾಪಲ್ಲಿ ಈ ತಲೆಬಿಸಿ ಕಮ್ಮಿ, ಚಾಟಲ್ಲಿ ಬಂದ ಲಿಂಕ್ ಹೊರಗಿನ ಬ್ರೌಸರಿಗೋ ಆ್ಯಪಿಗೋ ಹೋಗ್ತದೆ.

ಇನ್ನೊಂದು ತರದ ಕಿಟಕಿ ಉಂಟು, ಕಸ್ಟಮ್ ಟ್ಯಾಬ್ ಅಂತ. ನೋಡ್ಲಿಕ್ಕೆ ಒಳಕಿಟಕಿ ಹಾಗೇ, ಆದ್ರೆ ಒಳಗೆ ಕೆಲಸ ಮಾಡುದು ನಿಮ್ಮದೇ ಬ್ರೌಸರ್, ಲಾಗಿನ್ ಎಲ್ಲ ಹಾಗೇ ಇರ್ತದೆ. ಮೂರು ಚುಕ್ಕೆ ಒತ್ತಿದಾಗ ಮೆನುವಿನಲ್ಲಿ "ರನ್ನಿಂಗ್ ಇನ್ ಕ್ರೋಮ್" ಅಂತ ಕಂಡ್ರೆ ಇದೇ ಅಂತ ತಿಳ್ಕೊಳ್ಳಿ, ಇದಕ್ಕೆ ಹೆದರ್ಬೇಕಾಗಿಲ್ಲ.

ಐಫೋನ್‌ನವರಿಗೆ ಆಂಡ್ರಾಯ್ಡ್ ತರ ಆ್ಯಪ್‌ಗೊಂದು ಸ್ವಿಚ್ಚಿನ ಪಟ್ಟಿ ಇಲ್ಲ, ಬೇರೆ ಕ್ರಮ. ಲಿಂಕ್ ಒತ್ತಿ ಹಿಡೀರಿ, ಮೆನು ಬರ್ತದೆ, ಅದರಲ್ಲಿ ಸುಮ್ಮನೆ "ಓಪನ್" ಮತ್ತೆ "ಓಪನ್ ಇನ್" ಅಂತ ಆ್ಯಪಿನ ಹೆಸರು ಎರಡೂ ಕಂಡ್ರೆ ನಿಮಗೆ ಬೇಕಾದ್ದನ್ನು ಆರಿಸಿ, ಆ ಸೈಟಿಗೆ ಆ ಆಯ್ಕೆಯನ್ನು ಫೋನು ನೆನಪಿಟ್ಕೊಳ್ತದೆ. ಯೂಟ್ಯೂಬ್ ಇದ್ದಕ್ಕಿದ್ದ ಹಾಗೆ ಸಫಾರಿಯಲ್ಲಿ ತೆರೀಲಿಕ್ಕೆ ಸುರು ಮಾಡಿತು ಅಂತಾದ್ರೆ ಹೆಚ್ಚಾಗಿ ಯಾವಾಗ್ಲೋ ಹೀಗೆ ಆರಿಸಿದ್ದೇ ಕಾರಣ, ಪುನಃ ಒತ್ತಿ ಹಿಡಿದು ಆ್ಯಪನ್ನು ಆರಿಸಿ, ಅಥವಾ ಸಫಾರಿ ಪೇಜನ್ನು ಚೂರು ಕೆಳಗೆ ಎಳೆದ್ರೆ ಮೇಲೆ ಒಂದು ಪಟ್ಟಿ ಕಾಣ್ತದೆ, ಅದರಲ್ಲಿ "ಓಪನ್" ಒತ್ತಿ. ಡಿಫಾಲ್ಟ್ ಬ್ರೌಸರ್ ಬದಲು ಮಾಡ್ಲಿಕ್ಕೆ 2020ರ ಐಒಎಸ್ 14ರಿಂದ ಅವಕಾಶ ಉಂಟು, ಈಗಿನ ಫೋನಲ್ಲಿ ಸೆಟ್ಟಿಂಗ್ಸ್ > ಆ್ಯಪ್ಸ್ > ಡಿಫಾಲ್ಟ್ ಆ್ಯಪ್ಸ್ ಒಳಗೆ ಸಿಗ್ತದೆ.

ಇನ್ನು ದುಡ್ಡಿನ ಲಿಂಕು. ಯುಪಿಐ ಪೇಮೆಂಟ್ ಲಿಂಕ್ ಅಂತ ಒಂದು ಜಾತಿ, ಅದು ವೆಬ್‌ಸೈಟೇ ಅಲ್ಲ, ಒತ್ತಿದ ಕೂಡ್ಲೆ ಪೇಮೆಂಟ್ ಆ್ಯಪ್ ತೆರೀತದೆ, ಯಾರಿಗೆ ಎಷ್ಟು ಅಂತ ಮೊದ್ಲೇ ತುಂಬಿಸಿಯೇ ಇರ್ತದೆ. ಆಂಡ್ರಾಯ್ಡಲ್ಲಿ ಯಾವ ಆ್ಯಪ್ ಅಂತ ಕೇಳಿದಾಗ "ಆಲ್ವೇಸ್" ಒತ್ತಬೇಡಿ, "ಜಸ್ಟ್ ಒನ್ಸ್" ಒತ್ತಿ, ಆ ಒಂದು ಸಣ್ಣ ತಡೆ ನಿಮಗೆ ಯೋಚನೆ ಮಾಡ್ಲಿಕ್ಕೆ ಟೈಮ್ ಕೊಡ್ತದೆ. ಈಗಾಗ್ಲೇ ಆಲ್ವೇಸ್ ಒತ್ತಿ ಆಗಿದ್ರೆ ಆ ಆ್ಯಪಿನ ಓಪನ್ ಬೈ ಡಿಫಾಲ್ಟ್ ಪೇಜಲ್ಲಿ "ಕ್ಲಿಯರ್ ಡಿಫಾಲ್ಟ್" ಕೊಡಿ. ಐಫೋನಲ್ಲಿ ಈ ಆಯ್ಕೆಯ ಪಟ್ಟಿ ಬರುದಿಲ್ಲ, ಇರುವ ಪೇಮೆಂಟ್ ಆ್ಯಪುಗಳಲ್ಲಿ ಯಾವುದೋ ಒಂದು ತೆರೀತದೆ, ಹಾಗಾಗಿ ನಿಮಗೆ ಬೇಕಾದ ಆ್ಯಪನ್ನು ನೀವೇ ತೆರೆದು ಕಟ್ಟುದು ಒಳ್ಳೇದು. ಮತ್ತೆ ಇದನ್ನು ಮನೆಯಲ್ಲಿ ಎಲ್ರಿಗೂ ಹೇಳಿ: ದುಡ್ಡು ಬರ್ಲಿಕ್ಕೆ ಪಿನ್ ಬೇಡ, ಪಿನ್ ಕೇಳಿತು ಅಂದ್ರೆ ನಿಮ್ಮ ಖಾತೆಯಿಂದ ಹೋಗ್ತಾ ಉಂಟು ಅಂತ ಅರ್ಥ.

ಇದಕ್ಕಿಂತ ಜೋರು ಎಪಿಕೆ ಲಿಂಕುಗಳು, ಎಪಿಕೆ ಅಂದ್ರೆ ಪ್ಲೇ ಸ್ಟೋರ್ ಇಲ್ಲದೆ ಸೀದಾ ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು. "ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ" ಅಂತ ವಾಟ್ಸಾಪಲ್ಲಿ ಬರ್ತದೆ, ಜೊತೆಗೆ ಒಂದು ಫೈಲು ಅಥವಾ ಲಿಂಕು, ಒತ್ತಿದ್ರೆ ಆ್ಯಪ್ ಇನ್‌ಸ್ಟಾಲ್ ಆಗ್ತದೆ, ಆಮೇಲೆ ನಿಮ್ಮ ಎಸ್‌ಎಂಎಸ್ ಓದುವ ಪರ್ಮಿಷನ್ ಕೇಳ್ತದೆ, ಒಟಿಪಿ ಎಲ್ಲ ಅವರ ಕೈಗೆ. ಸರ್ಕಾರದ ಚಲನ್ ಸೈಟ್ ವಿಳಾಸ ಇಚಲನ್ ಡಾಟ್ ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್, ಅದನ್ನು ನೀವೇ ಬ್ರೌಸರಲ್ಲಿ ಟೈಪ್ ಮಾಡಿ ನೋಡಿ, ಅದಕ್ಕೆ ಯಾವ ಎಪಿಕೆಯೂ ಬೇಡ. ಈ ಬಾಗಿಲು ಹಾಕ್ಲಿಕ್ಕೆ ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್ > ಆ್ಯಪ್ಸ್ > ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ > "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹೋಗಿ, ವಾಟ್ಸಾಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲದಕ್ಕೂ "ನಾಟ್ ಅಲೋಡ್" ಇರ್ಬೇಕು. 2017ರ ಆಂಡ್ರಾಯ್ಡ್ 8ರಿಂದ ಈ ಪರ್ಮಿಷನ್ ಒಂದೊಂದು ಆ್ಯಪಿಗೂ ಬೇರೆ ಬೇರೆ, ಅದಕ್ಕೆ ಒಂದನ್ನು ಮಾತ್ರ ನೋಡಿ ಬಿಡ್ಬೇಡಿ.

ವಿಳಾಸ ಓದುದು ಹೇಗೆ ಅಂತಲೂ ಹೇಳ್ತೇನೆ, ಯಾಕಂದ್ರೆ ಬ್ರೌಸರಲ್ಲಿ ತೆರೆದ ಮೇಲೆ ಅಲ್ಲಿ ಕಾಣುವ ವಿಳಾಸವನ್ನು ಓದದಿದ್ರೆ ಬ್ರೌಸರಲ್ಲಿ ತೆರೆದು ಪ್ರಯೋಜನ ಇಲ್ಲ. ಸುರುವಿನ ಜೋಡಿ ಸ್ಲ್ಯಾಶ್ ಬಿಟ್ಟು ಆಮೇಲೆ ಬರುವ ಮೊದಲ ಒಂಟಿ ಸ್ಲ್ಯಾಶ್ ತನಕ ನೋಡಿ, ಅದರ ಹಿಂದಿನ ಕೊನೇ ತುಂಡುಗಳೇ ಅಸಲಿ ಮಾಲೀಕ. ಬಸ್ಸಿನ ಬೋರ್ಡಲ್ಲಿ ಮೂಲ್ಕಿ, ಪಡುಬಿದ್ರಿ, ಕಾಪು ಅಂತ ಎಷ್ಟು ಊರಿದ್ರೂ ಬಸ್ಸು ಕೊನೆಗೆ ಹೋಗಿ ನಿಲ್ಲುದು ಕೊನೇ ಹೆಸರಿಗೆ, ಹಾಗೆ. "ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್" ಅಂತ ಸುರುವಲ್ಲಿ ಇದ್ದು ಅದು ಮುಗಿದ ಮೇಲೆ ಇನ್ನೊಂದು ಚುಕ್ಕೆ ಹಾಕಿ ಮತ್ತೆಂತದೋ ಹೆಸರಿದ್ರೆ ಅದು ಸರ್ಕಾರದ್ದಲ್ಲ. ಬ್ಯಾಂಕುಗಳ ಮಟ್ಟಿಗೆ ಈಗ ಗುರ್ತ ಹಿಡಿಯುದು ಸುಲಭ ಆಗಿದೆ, 2025ರ ಅಕ್ಟೋಬರ್ 31ರ ಒಳಗೆ ಎಲ್ಲ ಬ್ಯಾಂಕುಗಳು ತಮ್ಮ ಸೈಟನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಬದಲಿಸ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು, ಆ ವಿಳಾಸ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುದಿಲ್ಲ. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್ ಅಂತ ನಮ್ಮ ಮಂಗಳೂರಲ್ಲೇ ಹುಟ್ಟಿದ ಹೆಸರುಗಳ ಮೇಲೆ ನಮ್ಮ ಹಿರಿಯರಿಗೆ ಇರುವ ನಂಬಿಕೆ ದೊಡ್ಡದು, ಆ ಹೆಸರು ಕಂಡ ಕೂಡ್ಲೆ ಒತ್ತಿ ಬಿಡ್ತಾರೆ, ಅದಕ್ಕೇ ವಿಳಾಸದ ಕೊನೆ ನೋಡುದನ್ನು ಅವರಿಗೆ ಕೂತು ತೋರಿಸಿ ಕೊಡ್ಬೇಕು. ಒಂದು ವೇಳೆ ಯಾರದ್ದಾದ್ರೂ ದುಡ್ಡು ಹೋಗಿಯೇ ಬಿಟ್ರೆ ನಾಳೆ ಬ್ಯಾಂಕಿಗೆ ಹೋಗುವ ಅಂತ ಕೂರ್ಬೇಡಿ, ಕೂಡ್ಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆ ಹಿಡಿಯುವ ಸಾಧ್ಯತೆ ಹೆಚ್ಚು.

ಅಮ್ಮ, ದೊಡ್ಡಮ್ಮ, ಮಾವ ಇವರ ಫೋನ್ ಕೈಗೆ ಸಿಕ್ಕಿದಾಗ ನಾನಾದ್ರೆ ಸುರುವಿಗೆ ಅನ್‌ನೋನ್ ಆ್ಯಪ್ಸ್ ಎಲ್ಲ ಬಂದ್ ಮಾಡ್ತೇನೆ, ಮತ್ತೆ ಯೂಟ್ಯೂಬ್, ಮ್ಯಾಪ್ಸ್ ಎರಡಕ್ಕೂ ಲಿಂಕ್ ಸ್ವಿಚ್ ಆನ್, ಶಾಪಿಂಗ್ ಮತ್ತೆ ಸಾಲ ಕೊಡುವ ಆ್ಯಪ್ ಏನಾದ್ರೂ ಇದ್ರೆ ಅದರ ಸ್ವಿಚ್ ಆಫ್, ಬ್ಯಾಂಕಿನ ಸೈಟನ್ನು ಬ್ರೌಸರಲ್ಲಿ ಬುಕ್‌ಮಾರ್ಕ್ ಮಾಡಿ ಹೋಮ್ ಸ್ಕ್ರೀನಿಗೆ ಹಾಕಿ ಕೊಡ್ತೇನೆ. ಬ್ಯಾಂಕಿನ ಕೆಲಸ ಇದ್ರೆ ಇದನ್ನೇ ಒತ್ತಿ, ಮೆಸೇಜಲ್ಲಿ ಬಂದದ್ದನ್ನು ಅಲ್ಲ, ಅಂತ ಹೇಳಿದ್ರೆ ಅವರಿಗೆ ಅದು ನೆನಪಿರ್ತದೆ. ಅವರಿಗೆ ಗೊತ್ತಿಲ್ಲದ ಹಾಗೆ ಸೆಟ್ಟಿಂಗ್ ಬದಲಿಸಿ ಇಡ್ಬೇಡಿ, ಎದುರು ಕೂತು ಒಂದೊಂದೇ ತೋರಿಸಿ, ಯಾಕೆ ಅಂತ ಹೇಳಿ.

ಎಲ್ಲ ಆದ ಮೇಲೆ ಟೆಸ್ಟ್ ಮಾಡ್ಲಿಕ್ಕೆ ಒಂದು ಉಪಾಯ, ವಾಟ್ಸಾಪಲ್ಲಿ ಅವರದ್ದೇ ನಂಬರಿಗೆ ಮೆಸೇಜ್ ಹಾಕ್ಲಿಕ್ಕೆ ಆಗ್ತದಲ್ಲ, ಅದಕ್ಕೆ ಒಂದು ಯೂಟ್ಯೂಬ್ ಲಿಂಕ್, ಒಂದು ಮ್ಯಾಪ್ ಲಿಂಕ್, ಒಂದು ಪೇಪರಿನ ನ್ಯೂಸ್ ಲಿಂಕ್ ಕಳಿಸಿ ಒಂದೊಂದೇ ಒತ್ತಿ ನೋಡಿ. ಮೊದಲ ಎರಡು ಆ್ಯಪಿಗೆ, ಮೂರನೆಯದ್ದು ಬ್ರೌಸರಿಗೆ ಹೋದ್ರೆ ಸಮ ಉಂಟು. ಫೋನಿಗೆ ದೊಡ್ಡ ಅಪ್‌ಡೇಟ್ ಬಂದಾಗ ಅಥವಾ ಹೊಸ ಫೋನಿಗೆ ಬದಲಿಸಿದಾಗ ಕೆಲವು ಸ್ವಿಚ್ ಹಿಂದಿನ ಹಾಗೆ ಇರುದಿಲ್ಲ, ಆಗ ಇದೇ ಮೂರು ಲಿಂಕ್ ಪುನಃ ಒತ್ತಿ ನೋಡಿದ್ರೆ ಯಾವುದು ತಪ್ಪಿದೆ ಅಂತ ಕೂಡ್ಲೆ ಗೊತ್ತಾಗ್ತದೆ.